ಟೆನಿಸ್ ಎಲ್ಬೋ: ಮೂವರು ಡಾಕ್ಟರು ಮೂರು ಥರ ಹೇಳಿದರೆ ಯಾರ ಮಾತು ಕೇಳೋದು?

ಅಮ್ಮನಿಗೆ 48 ವರ್ಷ, ಎರಡು ತಿಂಗಳಿಂದ ಬಲ ಮೊಣಕೈ ನೋವು. ಒಬ್ಬರು ವ್ಯಾಯಾಮ, ಇನ್ನೊಬ್ಬರು ಇಂಜೆಕ್ಷನ್, ಮತ್ತೊಬ್ಬರು ಪಿಆರ್‌ಪಿ (ನಮ್ಮದೇ ರಕ್ತದಿಂದ ಮಾಡುವ ಚುಚ್ಚುಮದ್ದು) ಅಂದರು ಅಂತ ಬರೆದಿದ್ದೀರಿ. ನಾನು ಡಾಕ್ಟರಲ್ಲ, ಫಿಸಿಯೋಥೆರಪಿಸ್ಟ್. ಹನ್ನೆರಡು ವರ್ಷದಿಂದ ಮೂಳೆ ಡಾಕ್ಟರ ಪಕ್ಕದ ಕೋಣೆಯಲ್ಲೇ ಕೆಲಸ. ಅವರು ಏನು ನೋಡಿ ಏನು ಬರೆಯುತ್ತಾರೆ ಅಂತ ಸುಮಾರಾಗಿ ಗೊತ್ತು.

ಮೊದಲು, ಇದು ಟೆನಿಸ್ ಎಲ್ಬೋನೇ ಹೌದಾ ಅಂತ ನೋಡುತ್ತಾರೆ. ಮುಷ್ಟಿ ಕಟ್ಟಿಸಿ, ಮಣಿಕಟ್ಟು ಮೇಲೆತ್ತಿ ಅಂತ ಹೇಳಿ, ತಾವು ಕೆಳಕ್ಕೆ ಒತ್ತುತ್ತಾರೆ. ಮೊಣಕೈ ಹೊರಗಡೆಯ ಗಂಟಿನ ಹತ್ತಿರ ಚುಳುಕ್ ಅಂದರೆ ಬಹುತೇಕ ಅದೇ. ಕತ್ತಿನ ನರದ ನೋವೂ ಅಲ್ಲಿಗೇ ಇಳಿಯಬಹುದು. ಬೆರಳು ಜೋಮು ಹಿಡಿಯುತ್ತಾ ಅಂತ ಕೇಳೋದು ಅದಕ್ಕೇ.

ಹೆಸರಲ್ಲಿ ಮಾತ್ರ ಟೆನಿಸ್. ನಮ್ಮಲ್ಲಿಗೆ ಬರುವವರು ಮುದ್ದೆ ತೊಳಸೋರು, ಬಟ್ಟೆ ಹಿಂಡೋರು, ಗಾರೆ ಕೆಲಸದವರು, ದಿನವಿಡೀ ಮೌಸ್ ಹಿಡಿದು ಕೂರೋರು. ಮಣಿಕಟ್ಟು ಎತ್ತುವ ಸ್ನಾಯುವಿನ ಬುಡ ಸವೆದಿರುತ್ತೆ. ಅದು ಉರಿಯೂತಕ್ಕಿಂತ ಸವೆತವೇ ಜಾಸ್ತಿ. ಹಾಗಾಗಿ ನೋವಿನ ಮಾತ್ರೆಯಿಂದ ಅದು ವಾಸಿಯಾಗಲ್ಲ, ನೋವು ತಡೆದುಕೊಳ್ಳಬಹುದು ಅಷ್ಟೇ.

ಇನ್ನು ಸ್ಟೀರಾಯ್ಡ್ ಇಂಜೆಕ್ಷನ್. ಎಳನೀರು ಮಾರುವವರೊಬ್ಬರು ಮಾರ್ಚಿನಲ್ಲಿ ಬಂದರು. ಮಚ್ಚು ಎತ್ತಲಾಗದ ಕೈ, ಎದುರಿಗೆ ಬೇಸಿಗೆ ವ್ಯಾಪಾರ. ವ್ಯಾಯಾಮಕ್ಕೆಲ್ಲ ಟೈಮಿಲ್ಲ ಸರ್, ಒಂದು ಸೂಜಿ ಹಾಕಿಸಿಬಿಡಿ ಅಂದರು. ಡಾಕ್ಟರು ಹಾಕಿದರು. ವಾರದಲ್ಲಿ ಮಚ್ಚು ಹಿಡಿದರು, ಸೀಸನ್ ಪೂರ್ತಿ ಕೊಚ್ಚಿದರು. ಜೂನಿನಲ್ಲಿ ಟೀ ಲೋಟ ಎತ್ತಲಾಗದೆ ವಾಪಸ್ ಬಂದರು. 2006ರಲ್ಲಿ ಆಸ್ಟ್ರೇಲಿಯಾದವರು 198 ಜನರ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು, ಅಲ್ಲೂ ಇದೇ ಕಥೆ. ಆರು ವಾರಕ್ಕೆ ಇಂಜೆಕ್ಷನ್ ತೆಗೆದುಕೊಂಡವರಲ್ಲಿ ನೂರಕ್ಕೆ 78 ಜನ ಆರಾಮಾಗಿದ್ದರು. ಸುಮ್ನೆ ಕಾದವರಲ್ಲಿ 27. ವರ್ಷ ತುಂಬುವಾಗ ಇಂಜೆಕ್ಷನ್‌ನವರೇ ಹಿಂದೆ ಬಿದ್ದಿದ್ದರು. ಹಾಗಂತ ಆ ಡಾಕ್ಟರು ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಆ ಮನುಷ್ಯನಿಗೆ ಮೂರು ತಿಂಗಳ ದುಡಿಮೆ ಬೇಕಿತ್ತು, ಸಿಕ್ಕಿತು. ನಿಮ್ಮ ಅಮ್ಮನಿಗೆ ಅಂಥ ಅವಸರ ಇದೆಯಾ? ಸಕ್ಕರೆ ಕಾಯಿಲೆ ಇದ್ದರಂತೂ ಇಂಜೆಕ್ಷನ್ ಆದ ಕೆಲವು ದಿನ ಶುಗರ್ ಏರುತ್ತೆ, ಮೊದಲೇ ಹೇಳಿ.

ಪಿಆರ್‌ಪಿ ಅಂದರೆ ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಇರುವ ಭಾಗವನ್ನು ಚುಚ್ಚೋದು. ಖರ್ಚು ಜಾಸ್ತಿ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2021ರ ವಿಮರ್ಶೆಯಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ನಾನಾದರೆ ದುಡ್ಡು ಉಳಿಸುತ್ತಿದ್ದೆ.

ಆಪರೇಷನ್ ಮಾತು ಆರು ತಿಂಗಳು, ವರ್ಷ ಕಳೆದ ಮೇಲೆ. ಸಚಿನ್ 2005ರಲ್ಲಿ ಲಂಡನ್ನಿನಲ್ಲಿ ಮಾಡಿಸಿಕೊಂಡರಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಅವರು ಭಾರದ ಬ್ಯಾಟ್ ಹಿಡಿದು ಮತ್ತೆ ಟೆಸ್ಟ್ ಆಡಬೇಕಿತ್ತು. ಮಿಕ್ಕವರಲ್ಲಿ ಹೆಚ್ಚಿನವರಿಗೆ ವರ್ಷದೊಳಗೆ ಅದಾಗೇ ಕಡಿಮೆಯಾಗುತ್ತೆ.

ಎರಡೇ ತಿಂಗಳಾಗಿರುವುದರಿಂದ ವ್ಯಾಯಾಮ ಅಂದ ಡಾಕ್ಟರ ಕಡೆಗೇ ನನ್ನ ಓಟು. ಅಮ್ಮ ಮುಂಗೈಯನ್ನು ಟೇಬಲ್ ಮೇಲಿಟ್ಟು, ಅಂಗೈ ಕೆಳಗೆ ಮಾಡಿ, ಅಂಚಿನಾಚೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಲಿ. ಎಡಗೈಯಿಂದ ಮೇಲೆತ್ತಿ, ಬಲಗೈಯಲ್ಲಿ ನಿಧಾನವಾಗಿ ಇಳಿಸಲಿ. ಸ್ವಲ್ಪ ನೋವಾದರೆ ಪರವಾಗಿಲ್ಲ. ಮರುದಿನವೂ ಜಾಸ್ತಿ ಇದ್ದರೆ ಬಾಟಲಿಯಲ್ಲಿ ನೀರು ಕಡಿಮೆ ಮಾಡಿ. ಬಟ್ಟೆ ಹಿಂಡೋದು, ಮುದ್ದೆ ಕೋಲು ಹಿಡಿಯೋದು ಸದ್ಯಕ್ಕೆ ನಿಮ್ಮ ಪಾಲಿಗೆ.