ಹನ್ನೊಂದು ಪ್ಲೇಟು, ಒಂದೇ ಆರ್ಡರು

ಚಿಕ್ಕಮಗಳೂರಿನ ಓದುಗರೊಬ್ಬರು ಬರೆದ ಉದ್ದನೆಯ ಪತ್ರದ ಸಾರ ಇದು. ಊರ ಹೊರಗೆ, ಕಾಫಿ ತೋಟದ ಅಂಚಿನಲ್ಲಿ ಹೊಸದಾಗಿ ತೆರೆದ ತಪಾಸ್ (ಸ್ಪೇನಿನ ಸಣ್ಣ ಸಣ್ಣ ಪ್ಲೇಟಿನ ತಿಂಡಿ) ರೆಸ್ಟೋರೆಂಟಿಗೆ ಶನಿವಾರ ರಾತ್ರಿ ಎಂಟೂವರೆಗೆ ಮನೆಯವರು ಆರು ಜನ ಹೋದರು: ಗಂಡ ಹೆಂಡತಿ, ಇಬ್ಬರು ಮಕ್ಕಳು, ಮೈದುನ, ಮಾಂಸ ಮೊಟ್ಟೆ ಮುಟ್ಟದ ಅತ್ತೆ. ಹನ್ನೊಂದು ಪ್ಲೇಟ್ ಹೇಳಿದರು. ಐದು ನಿಮಿಷದಲ್ಲಿ ಆಲಿವ್ ಕಾಯಿ, ಬ್ರೆಡ್ಡು ಬಂದವು. ಆಮೇಲೆ ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಕರಿದ ನಾಲ್ಕು ಪ್ಲೇಟ್ ಒಟ್ಟಿಗೆ ಬಂದು ಟೇಬಲ್ ಮೇಲೆ ಜಾಗವಿಲ್ಲದೆ ಆರಿಹೋದವು. ಸಿಗಡಿ ಕೊನೆಗೆ ಬಂತು. ಅತ್ತೆಗೆ ತಿನ್ನಲು ಹೆಚ್ಚೇನೂ ಸಿಗಲಿಲ್ಲ. ಬಿಲ್ಲು 5,197 ರೂಪಾಯಿ 50 ಪೈಸೆ. "ಆಲೂಗಡ್ಡೆ ಹೋಳಿಗೆ 320 ರೂಪಾಯಿ ಕೊಟ್ಟು, ಮನೆಗೆ ಬಂದು ಮೊಸರನ್ನ ಉಂಡೆವು. ತಪ್ಪು ಅವರದೋ ನಮ್ಮದೋ? ಜೂನ್ 20ಕ್ಕೆ ನಮ್ಮ ಮದುವೆ ವಾರ್ಷಿಕೋತ್ಸವ, ಯಜಮಾನರು ಮತ್ತೆ ಅಲ್ಲಿಗೇ ಹೋಗೋಣ ಅಂತಿದ್ದಾರೆ" ಎಂದು ಕೇಳಿದ್ದಾರೆ. ರೆಸ್ಟೋರೆಂಟಿನ ಹೆಸರನ್ನು ನಾವು ಬಿಟ್ಟಿದ್ದೇವೆ.

ಮಾನ್ಯರೆ,

ಹನ್ನೊಂದು ಪ್ಲೇಟ್ ಜಾಸ್ತಿಯೇನೂ ಆಗಲಿಲ್ಲ. ದೊಡ್ಡವರಿಗೆ ತಲಾ ಎರಡರಿಂದ ಎರಡೂವರೆ, ಮಕ್ಕಳಿಗೆ ಒಂದೊಂದು ಅಂತ ಹಿಡಿದರೆ ನಿಮ್ಮ ಮನೆಗೆ ಹತ್ತರಿಂದ ಹನ್ನೆರಡು ಸರಿಯಾದ ಲೆಕ್ಕ. ಎಡವಟ್ಟಾಗಿದ್ದು ಹನ್ನೊಂದನ್ನೂ ಒಂದೇ ಉಸಿರಿಗೆ ಹೇಳಿದ್ದರಿಂದ. ಹಾಗೆ ಹೇಳಬೇಡಿ ಎಂದು ನಿಮಗೆ ತಿಳಿಸಬೇಕಾದದ್ದು ಆರ್ಡರ್ ಬರೆದುಕೊಂಡವರ ಕೆಲಸ. ಆದ್ದರಿಂದ ತಪ್ಪಿನ ದೊಡ್ಡ ಪಾಲು ಅವರದೇ.

ನಮ್ಮ ಊಟದಲ್ಲಿ ಕ್ರಮ ಬಡಿಸುವವರ ಕೈಯಲ್ಲಿರುತ್ತದೆ. ಎಲೆ ಮುಂದೆ ಕೂತರೆ ಸಾಕು, ಉಪ್ಪಿನಿಂದ ಮಜ್ಜಿಗೆವರೆಗೆ ಯಾವುದು ಯಾವಾಗ ಬರಬೇಕೋ ಬರುತ್ತದೆ. ತಪಾಸ್ ಬೆಳೆದದ್ದು ಬಾರಿನ ಕಟ್ಟೆಯ ಮೇಲೆ. ಸ್ಪೇನಿನಲ್ಲಿ ಜನ ನಿಂತುಕೊಂಡೇ ಲೋಟದ ಜೊತೆ ಒಂದೆರಡು ನಂಜಿಕೊಂಡು ಪಕ್ಕದ ಬಾರಿಗೆ ನಡೆಯುತ್ತಾರೆ. ಗ್ರನಾಡಾ ಊರಿನ ಬಹಳಷ್ಟು ಬಾರುಗಳಲ್ಲಿ ಕುಡಿಯಲು ಏನಾದರೂ ತೆಗೆದುಕೊಂಡರೆ ತಿನ್ನಲು ಒಂದು ತಟ್ಟೆ ಬಿಟ್ಟಿ ಬರುತ್ತದೆ. ಸಾನ್ ಸೆಬಾಸ್ಟಿಯನ್ ಕಡೆ ಬ್ರೆಡ್ ತುಂಡಿನ ಮೇಲೆ ಏನನ್ನಾದರೂ ಇಟ್ಟು ಕಡ್ಡಿ ಚುಚ್ಚಿರುತ್ತಾರೆ. ಕೆಲವು ಕಡೆ ತಿಂದಾದ ಮೇಲೆ ಕಡ್ಡಿ ಎಣಿಸಿ ಬಿಲ್ಲು ಹಾಕುವುದೂ ಉಂಟು. ಹೀಗೆ ಒಂದೊಂದಾಗಿ ತಿನ್ನುವುದನ್ನು ಆರು ಜನರ ಟೇಬಲ್ಲಿಗೆ ತಂದು ಹೊಟ್ಟೆ ತುಂಬ ಉಣ್ಣಬೇಕೆಂದರೆ ಕ್ರಮವನ್ನು ತಿನ್ನುವವರೇ ಹಿಡಿಯಬೇಕು.

ಒಳಗೆ ಅಡುಗೆಮನೆಯಲ್ಲಿ ಆಗುವುದು ಇಷ್ಟು. ಇಂಥ ಕಡೆ ಬಹುಮಟ್ಟಿಗೆ ಮೂರು ಜಾಗಗಳಿರುತ್ತವೆ: ತಣ್ಣಗಿನದನ್ನು ಜೋಡಿಸುವ ಕಟ್ಟೆ, ಬಾಣಲೆ ಮತ್ತು ಗ್ರಿಲ್, ಕರಿಯುವ ಫ್ರೈಯರ್. ನಿಮ್ಮ ಆರ್ಡರಿನ ಚೀಟಿ, ಹೋಟೆಲಿನವರ ಬಾಯಲ್ಲಿ ಕೆಓಟಿ, ಮೂರೂ ಕಡೆಗೆ ಒಟ್ಟಿಗೆ ಹೋಗುತ್ತದೆ. ಯಾವುದು ಆಗುತ್ತದೋ ಅದು ಹೊರಗೆ ಬರುತ್ತದೆ. ಆಲಿವ್, ಬ್ರೆಡ್ಡಿಗೆ ಬೆಂಕಿಯ ಕೆಲಸವೇ ಇಲ್ಲ, ಅದಕ್ಕೇ ಐದು ನಿಮಿಷ. ಚಿಕ್ಕ ಅಡುಗೆಮನೆಯ ಫ್ರೈಯರಿಗೆ ಎರಡು ಬುಟ್ಟಿ. ಶನಿವಾರ ಒಂಬತ್ತು ಗಂಟೆಗೆ ಎಲ್ಲ ಟೇಬಲ್ಲಿನ ಕರಿದ ತಿಂಡಿಯೂ ಅದೇ ಎರಡು ಬುಟ್ಟಿಯಲ್ಲಿ ಸರದಿ ಕಾಯಬೇಕು. ತಣ್ಣಗಿನ ಮಾಲನ್ನು ಹೆಚ್ಚು ಹಾಕಿದಷ್ಟೂ 180 ಡಿಗ್ರಿ ಇರಬೇಕಾದ ಎಣ್ಣೆ 150ರ ಹತ್ತಿರಕ್ಕೆ ಇಳಿಯುತ್ತದೆ, ಹೊರಪದರ ಗಟ್ಟಿಯಾಗುವ ಮೊದಲೇ ಎಣ್ಣೆ ಹೀರಿಕೊಳ್ಳುತ್ತದೆ. ನೀವು ಹೇಳಿದ ಹನ್ನೊಂದರಲ್ಲಿ ನಾಲ್ಕು ಕರಿದದ್ದೇ. ಒಂದು ಟೇಬಲ್ಲಿನದು ಒಟ್ಟಿಗೆ ಹೋಗಲಿ ಎಂದು ಬೆಂದದ್ದನ್ನು ನಿಲ್ಲಿಸಿಕೊಂಡಿದ್ದರೆ ಆರಿದ್ದಕ್ಕೆ ಅದೂ ಒಂದು ಕಾರಣ.

ಮುಂದಿನ ಸಲ ಏಳು ಅಥವಾ ಏಳೂಕಾಲಿಗೆ ಹೋಗಿ. ಮೆನು ಕೈಗೆ ಬಂದ ಕೂಡಲೇ ಮೂರು ಪ್ರಶ್ನೆ ಕೇಳಿ: ಒಂದು ಪ್ಲೇಟಿನಲ್ಲಿ ಎಷ್ಟು ಪೀಸು, ಯಾವುದೆಲ್ಲ ಕರಿದದ್ದು, ಯಾವುದು ತಡ. ಆಮೇಲೆ ನಾಲ್ಕೇ ಪ್ಲೇಟ್ ಹೇಳಿ. ತಣ್ಣಗಿನದು ಒಂದು, ಕರಿದದ್ದು ಒಂದು, ಬಾಣಲೆಯದು ಒಂದು, ಅತ್ತೆಯವರಿಗೆಂದೇ ಒಂದು ಬಟ್ಟಲು. "ಉಳಿದದ್ದು ಆಮೇಲೆ ಹೇಳ್ತೀವಿ, ಮೆನು ಇಲ್ಲೇ ಇರಲಿ" ಅನ್ನಿ. ಮೆನು ಎತ್ತಿಕೊಂಡು ಹೋಗಲು ಬಿಡಬೇಡಿ, ಹೋದರೆ ಮತ್ತೆ ಬರುವಷ್ಟರಲ್ಲಿ ಕಾಲು ಗಂಟೆ. ಮೊದಲ ಸುತ್ತಿನ ಎರಡನೇ ಪ್ಲೇಟ್ ಬಂದ ತಕ್ಷಣ ಎರಡನೇ ಸುತ್ತಿನ ನಾಲ್ಕನ್ನು ಹೇಳಿ. ಮೊದಲನೆಯದು ಖಾಲಿಯಾಗುವ ತನಕ ಕಾದರೆ ಮಕ್ಕಳು ಬ್ರೆಡ್ಡಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. ಮೂರನೇ ಸುತ್ತನ್ನು ಹಸಿವು ನೋಡಿ ಹೇಳಿದರಾಯಿತು. ಒಂದು ಸುತ್ತಿನಲ್ಲಿ ಕರಿದದ್ದು ಒಂದಕ್ಕಿಂತ ಹೆಚ್ಚು ಬೇಡ ಎಂಬುದನ್ನು ಮಾತ್ರ ಸಡಿಲಿಸಬೇಡಿ.

ಪೀಸಿನ ವಿಷಯ. ಕ್ರೊಕೆಟ, ಅಂದರೆ ಹಾಲಿನ ಗಟ್ಟಿ ಸಾಸಿನ ಕರಿದ ಉಂಡೆ, ಪ್ಲೇಟಿಗೆ ನಾಲ್ಕು, ನೀವು ಆರು ಜನ. ಎರಡು ಪ್ಲೇಟ್ ತರಿಸಿದರೆ ಎರಡು ಮಿಕ್ಕಿ ಆರುತ್ತವೆ. "ಆರು ಮಾಡಿ ಕೊಡಿ, ಅದರ ಲೆಕ್ಕ ಹಾಕಿ" ಎಂದರೆ ಬಹುತೇಕ ಕಡೆ ಮಾಡಿಕೊಡುತ್ತಾರೆ, ಒಂದೊಂದಾಗಿ ಎಣಿಸಿ ಎಣ್ಣೆಗೆ ಬಿಡುವ ತಿಂಡಿ ಅದು.

ಎಲ್ಲ ತಣ್ಣಗಿತ್ತು ಎಂದು ಬರೆದಿದ್ದೀರಿ. ಅದರಲ್ಲಿ ಆಮ್ಲೆಟ್ಟಿನ ದೂರನ್ನು ಒಪ್ಪಲಾರೆವು. ಸ್ಪೇನಿನ ಆಲೂಗಡ್ಡೆ ಆಮ್ಲೆಟ್, ಅಂದರೆ ತೋರ್ತಿಯಾ, ಉಗುರುಬೆಚ್ಚಗೆ ಅಥವಾ ಆರಿದ ಮೇಲೆ ತಿನ್ನುವಂಥದ್ದೇ. 600 ಗ್ರಾಂ ಆಲೂಗಡ್ಡೆಯ ತೆಳು ಬಿಲ್ಲೆ, ಒಂದು ಈರುಳ್ಳಿ, ಇವೆರಡೂ ಮುಳುಗುವಷ್ಟು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಬೇಕು, ಕೆಂಪಾಗಬಾರದು. ಎಣ್ಣೆ ಬಸಿದು, ಕಲಕಿದ ಆರು ಮೊಟ್ಟೆಯಲ್ಲಿ ಹತ್ತು ನಿಮಿಷ ನೆನೆಸಿ, 22 ಸೆಂಟಿಮೀಟರ್ ತವಾದಲ್ಲಿ ಹುಯ್ದು, ತಟ್ಟೆ ಮುಚ್ಚಿ ಮಗುಚುತ್ತಾರೆ. ತುಂಡು ಕತ್ತರಿಸಿದಾಗ ನಡುಭಾಗ ತೇವವಾಗಿದ್ದರೆ ಒಳ್ಳೆಯದು. ಸ್ಪಂಜಿನಂತೆ ಒಣಗಿ ಪುಟಿಯುತ್ತಿದ್ದರೆ ದೂರು ಹೇಳಿ.

ಕ್ರೊಕೆಟದ ಒಳಗೆ ತಣ್ಣಗಿತ್ತು ಎಂಬುದು ನಿಜವಾದ ದೋಷ. 60 ಗ್ರಾಂ ಬೆಣ್ಣೆ, 70 ಗ್ರಾಂ ಮೈದಾ, ಅರ್ಧ ಲೀಟರ್ ಹಾಲಿನ ಗಟ್ಟಿ ಸಾಸನ್ನು ತಳ ಬಿಡುವ ತನಕ ಕಾಯಿಸಿ, ಎಂಟು ಗಂಟೆ ಫ್ರಿಜ್ಜಿನಲ್ಲಿಟ್ಟು, ಉಂಡೆ ಕಟ್ಟಿ, ಮೈದಾ, ಮೊಟ್ಟೆ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿಯುತ್ತಾರೆ. ಫ್ರೀಜರಿನಲ್ಲಿ ಕಲ್ಲಾದದ್ದನ್ನು ತೆಗೆದು ತುಂಬ ಬಿಸಿಯಾದ ಎಣ್ಣೆಗೆ ಬಿಟ್ಟರೆ ಹೊರಗೆ ಕಂದಾಗುತ್ತದೆ, ಒಳಗೆ ಮಂಜು ಹಾಗೇ ಉಳಿಯುತ್ತದೆ. ಅದನ್ನು ವಾಪಸ್ ಕಳಿಸಲು ಸಂಕೋಚ ಬೇಡ.

ಬೆಳ್ಳುಳ್ಳಿ ಸಿಗಡಿ ಚಟಪಟ ಸದ್ದು ಮಾಡುತ್ತಲೇ ಟೇಬಲ್ಲಿಗೆ ಬರಬೇಕು. 250 ಗ್ರಾಂ ಸಿಗಡಿಗೆ 80 ಮಿಲಿ ಆಲಿವ್ ಎಣ್ಣೆ, ತೆಳ್ಳಗೆ ಹೆಚ್ಚಿದ ಐದಾರು ಎಸಳು ಬೆಳ್ಳುಳ್ಳಿ, ಒಂದು ಒಣಮೆಣಸಿನಕಾಯಿ. ತಣ್ಣನೆಯ ಎಣ್ಣೆಯಲ್ಲೇ ಬೆಳ್ಳುಳ್ಳಿ ಹಾಕಿ ನಿಧಾನ ಕಾಯಿಸಿ, ಅಂಚು ಬಂಗಾರದ ಬಣ್ಣಕ್ಕೆ ತಿರುಗಿದ ಕೂಡಲೇ ಸಿಗಡಿ ಬಿಟ್ಟರೆ ಎರಡೇ ನಿಮಿಷದ ಕೆಲಸ. ಸಿಗಡಿ ಅರ್ಧಚಂದ್ರದಂತಿದ್ದರೆ ಹದ, ಉಂಗುರದಂತೆ ಬಿಗಿದುಕೊಂಡಿದ್ದರೆ ಬೆಂದದ್ದು ಹೆಚ್ಚಾಯಿತು. ಬೆಳ್ಳುಳ್ಳಿ ಕಂದಾಗಿದ್ದರೆ ಇಡೀ ಎಣ್ಣೆ ಕಹಿ. ಇದರಲ್ಲಿ ಅರ್ಧ ರುಚಿ ಎಣ್ಣೆಯಲ್ಲಿರುತ್ತದೆ, ಬ್ರೆಡ್ ಅದ್ದಿ ತಿನ್ನಲು. ನೀವು ಬ್ರೆಡ್ಡನ್ನು ಆಲಿವ್ ಜೊತೆಗೇ ಮುಗಿಸಿದಿರಿ. ನಾಲ್ಕು ತುಂಡು ಉಳಿಸಿಕೊಳ್ಳಿ.

ಈಗ 320 ರೂಪಾಯಿಯ ಆಲೂಗಡ್ಡೆ, ಅಂದರೆ ಪತಾತಾಸ್ ಬ್ರಾವಾಸ್. ನಿಮ್ಮ ಸಿಟ್ಟು ನ್ಯಾಯವಾದದ್ದು, ಆದರೆ ಬೆಲೆಗಿಂತ ಅದನ್ನು ಮಾಡಿದ ರೀತಿಗೆ ಸಿಟ್ಟಾಗಬೇಕಿತ್ತು. "ಹೊರಗೆ ಕಪ್ಪಗೆ, ಒಳಗೆ ಬೆಂಡು, ಮೇಲೆ ಕೆಂಪು ಮೇಯನೇಸು" ಎಂಬ ನಿಮ್ಮ ಒಂದೇ ಸಾಲಿನಲ್ಲಿ ಎರಡು ತಪ್ಪು ಸಿಕ್ಕಿಬಿದ್ದಿವೆ. ಕೋಲ್ಡ್ ಸ್ಟೋರೇಜಿನಲ್ಲಿ ಬಹಳ ದಿನ ಇದ್ದ ಗೆಡ್ಡೆಯ ಪಿಷ್ಟದ ಒಂದು ಪಾಲು ಸಕ್ಕರೆಯಾಗುತ್ತದೆ. ಆ ಸಕ್ಕರೆ ಎಣ್ಣೆಗೆ ಬಿದ್ದ ಕೂಡಲೇ ಕಪ್ಪಾಗುತ್ತದೆ, ಕಪ್ಪಾಯಿತೆಂದು ಅಡುಗೆಯವರು ಬೇಗ ತೆಗೆಯುತ್ತಾರೆ, ಒಳಗೆ ಬೆಂದಿರುವುದಿಲ್ಲ. ಹೊರಗೆ ತೆಗೆದು ಎರಡು ಮೂರು ವಾರ ಸಾಮಾನ್ಯ ಉಷ್ಣಾಂಶದಲ್ಲಿ ಕತ್ತಲೆಯಲ್ಲಿ ಹರಡಿಟ್ಟರೆ ತಕ್ಕಮಟ್ಟಿಗೆ ಸರಿಹೋಗುತ್ತದೆ. ಹಾಸನದ ಮುಂಗಾರು ಬೆಳೆ ಮಾರುಕಟ್ಟೆಗೆ ಬರುವಾಗ ತೊಂದರೆ ಬೇರೆ: ಎಳೆ ಗೆಡ್ಡೆಯಲ್ಲಿ ನೀರು ಹೆಚ್ಚು, ಕರಿದದ್ದು ಎರಡೇ ನಿಮಿಷದಲ್ಲಿ ಮೆತ್ತಗಾಗುತ್ತದೆ. ಪಲ್ಯಕ್ಕೆ ಅದೇ ಚೆನ್ನ.

ಮನೆಯಲ್ಲಿ ಮಾಡುವುದಾದರೆ ಅರ್ಧ ಕಿಲೋ ಆಲೂಗಡ್ಡೆಯನ್ನು ಒಂದಿಂಚು ಹೋಳು ಮಾಡಿ, ಉಪ್ಪು ನೀರಿನಲ್ಲಿ ಆರೇಳು ನಿಮಿಷ ಕುದಿಸಿ ಬಸಿದು, ಆವಿಯೆಲ್ಲ ಹೋಗುವ ತನಕ ತಟ್ಟೆಯಲ್ಲಿ ಹರಡಿ. ಮೊದಲು ಸಾಧಾರಣ ಬಿಸಿಯ ಎಣ್ಣೆಯಲ್ಲಿ ಐದಾರು ನಿಮಿಷ, ತೆಗೆದು ಆರಿಸಿ, ಬಡಿಸುವ ಹೊತ್ತಿಗೆ ಚೆನ್ನಾಗಿ ಕಾದ ಎಣ್ಣೆಯಲ್ಲಿ ಮೂರು ನಿಮಿಷ. ಸಾಸಿಗೆ ಮೂರು ಚಮಚ ಎಣ್ಣೆಯಲ್ಲಿ ಅರ್ಧ ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ ಬಾಡಿಸಿ, ಒಂದು ಚಮಚ ಮೈದಾ ಹಾಕಿ ಹುರಿಯಿರಿ. ಪಾತ್ರೆಯನ್ನು ಒಲೆಯಿಂದ ಇಳಿಸಿ ಒಂದೂವರೆ ಚಮಚ ಬ್ಯಾಡಗಿ ಮೆಣಸಿನ ಪುಡಿ, ಒಂದು ಚಿಟಿಕೆ ಖಾರದ ಪುಡಿ ಕಲಸಿ, ಕೂಡಲೇ 200 ಮಿಲಿ ಟೊಮೆಟೊ ರಸ ಹುಯ್ಯಿರಿ. ಉರಿಯ ಮೇಲೇ ಹಾಕಿದರೆ ಪುಡಿ ಸೀದು ಸಾಸು ಕಹಿಯಾಗುತ್ತದೆ. ಹತ್ತು ನಿಮಿಷ ಕುದಿಸಿ, ಒಂದು ಚಮಚ ವಿನೆಗರ್ ಸೇರಿಸಿ ರುಬ್ಬಿ. ಸ್ಪೇನಿನವರು ಹಾಕುವ ಪಿಮೆಂತೊನ್ ಎಂಬ ಮೆಣಸಿನ ಪುಡಿಗೆ ಬ್ಯಾಡಗಿಯ ಬಣ್ಣವೂ ಸೌಮ್ಯ ಖಾರವೂ ಹೊಂದುತ್ತವೆ, ಹೊಗೆಯ ವಾಸನೆ ಮಾತ್ರ ಇರುವುದಿಲ್ಲ. ಮೇಯನೇಸಿಗೆ ಕೆಚಪ್ ಕಲಸಿ ಇದೇ ಹೆಸರಿನಲ್ಲಿ ಕೊಟ್ಟರೆ ಕೇಳುವ ಹಕ್ಕು ನಿಮಗಿದೆ.

ಅತ್ತೆಯವರ ವಿಷಯದಲ್ಲಿ ಮೆನುವಿನ ಹಸಿರು ಚುಕ್ಕೆಯೊಂದನ್ನೇ ನಂಬಿ ಕೂರಬೇಡಿ. ಅಲಿಯೋಲಿ ಎಂಬ ಬೆಳ್ಳುಳ್ಳಿ ಸಾಸಿನಲ್ಲಿ ಸಾಮಾನ್ಯವಾಗಿ ಹಸಿ ಮೊಟ್ಟೆ ಇರುತ್ತದೆ. ಆಲಿವ್ ಕಾಯಿಯೊಳಗೆ ಆಂಚೊವಿ ಮೀನು ತುಂಬುವುದುಂಟು. ನಾನಾ ದೇಶದ ತಿಂಡಿ ಬೆರೆಸಿದ ಮೆನುವಿನಲ್ಲಿ ಇದು ಇನ್ನೂ ಹೆಚ್ಚು: ಕಿಮ್ಚಿ ಎಂಬ ಕೊರಿಯಾದ ತರಕಾರಿ ಉಪ್ಪಿನಕಾಯಿಗೆ, ಥಾಯ್ ಪೇಸ್ಟಿಗೆ ಮೀನಿನ ಅಥವಾ ಸಿಗಡಿಯ ಅಂಶ ಹಾಕುವುದು ರೂಢಿ, ಪಾನಾ ಕೋಟಾ ಎಂಬ ಕೆನೆಯ ಸಿಹಿತಿಂಡಿಗೆ ಪ್ರಾಣಿಯ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್. ಸಿಗಡಿ ಕರಿದ ಎಣ್ಣೆಯಲ್ಲೇ ಆಲೂಗಡ್ಡೆ ಕರಿಯುತ್ತಾರಾ ಎಂದೂ ಕೇಳಿ. ಟೇಬಲ್ ಕಾದಿರಿಸಲು ಫೋನ್ ಮಾಡುವಾಗಲೇ ಕೇಳಿದರೆ ಅಡುಗೆಯವರನ್ನು ವಿಚಾರಿಸಿ ಹೇಳಲು ಅವರಿಗೆ ಪುರಸೊತ್ತಿರುತ್ತದೆ. ಅತ್ತೆಯವರಿಗೆ ಒಗ್ಗುವುದು ಸ್ಪೇನಿನ ಸೆವಿಯಾ ಕಡೆಯ ಪಾಲಕ್ ಕಡಲೆ. ಕಾಬೂಲಿ ಕಡಲೆ, ಪಾಲಕ್, ಜೀರಿಗೆ, ಬೆಳ್ಳುಳ್ಳಿ, ಮಂದವಾಗಲು ಹುರಿದ ಬ್ರೆಡ್ಡು ಇಷ್ಟೇ. ಅದು ಮೆನುವಿನಲ್ಲಿದ್ದರೆ ಅವರ ಬಟ್ಟಲು ಅದೇ ಆಗಲಿ, ಹಂಚಿಕೊಳ್ಳಲು ಇಡಬೇಡಿ. ಟೊಮೆಟೊ ಉಜ್ಜಿದ ಬ್ರೆಡ್ಡು, ಬೆಳ್ಳುಳ್ಳಿ ಅಣಬೆ ಕೂಡ ನಡೆಯುತ್ತವೆ.

ಅಕ್ಕಿರೊಟ್ಟಿ ಮೇಲೆ ಹಂದಿಮಾಂಸ, ಹಮ್ಮುಸ್, ಟಾಕೊ, ಕಿಮ್ಚಿ ಎಲ್ಲ ಒಂದೇ ಹಾಳೆಯಲ್ಲಿದ್ದವೆಂದು ಬರೆದಿದ್ದೀರಿ. ದೇಶ ನೋಡಿ ಆರಿಸಬೇಡಿ, ಸಾಸು ನೋಡಿ ಆರಿಸಿ. ಇಂಥ ಅಡುಗೆಮನೆಯಲ್ಲಿ ಒಂದೇ ಮೇಯನೇಸು ನಾಲ್ಕು ಬಣ್ಣದಲ್ಲಿ ಓಡಾಡುತ್ತಿರುತ್ತದೆ, ಅದು ಎರಡು ಪ್ಲೇಟಿಗಿಂತ ಹೆಚ್ಚು ಬಂದರೆ ನಾಲಿಗೆ ಜಡವಾಗುತ್ತದೆ. ಅನ್ನ ಬೇಕೇ ಬೇಕು ಎಂದಾದರೆ ಪಾಯೆಯಾ ಇದೆಯಾ ಕೇಳಿ. ಅದು ತಪಾಸ್ ಅಲ್ಲ, ವೆಲೆನ್ಸಿಯಾದ ಊಟ. ಅಕ್ಕಿ ಹಾಕಿ ಅಲ್ಲೇ ಬೇಯಿಸಲು ಮುಕ್ಕಾಲು ಗಂಟೆ ಹಿಡಿಯುತ್ತದೆ, ಆದ್ದರಿಂದ ಮೊದಲ ಸುತ್ತಿನಲ್ಲೇ ಹೇಳಬೇಕು. ಹತ್ತು ನಿಮಿಷದಲ್ಲಿ ಬಂದರೆ ಅದು ಬಿಸಿ ಮಾಡಿದ್ದು.

ಬಿಲ್ಲು. ಹನ್ನೊಂದು ಪ್ಲೇಟಿಗೆ 3,960, ಆರು ಲೈಮ್ ಸೋಡಾಕ್ಕೆ 540, ಒಟ್ಟು 4,500. ಅದರ ಮೇಲೆ ಶೇಕಡಾ 10 ಸರ್ವೀಸ್ ಚಾರ್ಜ್ 450, ಎರಡೂ ಸೇರಿಸಿ ಶೇಕಡಾ 5 ಜಿಎಸ್‌ಟಿ 247.50. ಸರ್ವೀಸ್ ಚಾರ್ಜನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್ 28ರಂದು ದಿಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಸಿದ್ದರೆ ನೀವು ಕೊಡಬೇಕಿದ್ದದ್ದು 4,725, ಉಳಿಯುತ್ತಿದ್ದದ್ದು 472 ರೂಪಾಯಿ 50 ಪೈಸೆ. ತೆಗೆಯಿರಿ ಎಂದು ಹೇಳಿದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ತೆಗೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬಡಿಸಿದವರ ಕೆಲಸ ಹಿಡಿಸಿದ್ದರೆ ಅವರ ಕೈಗೇ ಕೊಡಿ.

ಇನ್ನು ಜೂನ್ 20. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯ ಮೀನು ಅಷ್ಟಿಷ್ಟು ಸಿಕ್ಕರೂ ಘಟ್ಟ ಹತ್ತಿ ನಿಮ್ಮೂರಿಗೆ ಬರುವುದು ಕಡಿಮೆ, ಚಾರ್ಮಾಡಿಯಲ್ಲಿ ಗುಡ್ಡ ಜರಿದರೆ ಅದೂ ಇಲ್ಲ. ಹಾಗಾಗಿ ಆ ದಿನ ಮೆನುವಿನಲ್ಲಿ 'ತಾಜಾ' ಎಂದಿದ್ದರೂ ಸ್ಕ್ವಿಡ್, ಕರಾವಳಿಯವರ ಬೊಂಡಾಸ್, ಬಹುಮಟ್ಟಿಗೆ ಫ್ರೀಜರಿನದೇ. ಸರಿಯಾಗಿ ಕರಗಿಸದೆ ಕರಿದರೆ ರಬ್ಬರು, ಬಿಟ್ಟುಬಿಡಿ. ಸಿಗಡಿ ಕೊಳದಲ್ಲಿ ಸಾಕಿದ್ದು ವರ್ಷವಿಡೀ ಬರುತ್ತದೆ, ಬೆಳ್ಳುಳ್ಳಿ ಎಣ್ಣೆಯಲ್ಲಿ ಅದು ತಕ್ಕಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಮಳೆಗಾಲದ ನೀರು ಟೊಮೆಟೊದಲ್ಲಿ ಟೊಮೆಟೊ ಬ್ರೆಡ್ಡು ಸಪ್ಪೆಯಾದೀತು. ಅದರ ಬದಲು ಬೆಣ್ಣೆಹಣ್ಣಿನದು ಏನಿದೆ ಕೇಳಿ, ನಿಮ್ಮ ಸುತ್ತಿನ ತೋಟಗಳಲ್ಲೇ ಅದು ಹಣ್ಣಾಗುವ ಕಾಲ.