ಫೋನೋ ಪ್ರೀಆಂಪ್ ಕೊಳ್ಳುವ ಮುನ್ನ ಕಾರ್ಟ್ರಿಡ್ಜ್ ನೋಡಿ

ಪ್ರಶ್ನೆ: ಅಪ್ಪ ಕೂಡಿಟ್ಟ ಪ್ಲೇಟುಗಳನ್ನು ಕೇಳಲು ಟರ್ನ್‌ಟೇಬಲ್ ತಗೊಂಡಿದ್ದೇನೆ. ಅದರಲ್ಲಿರುವುದು ಆಡಿಯೋ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಡ್ಜ್ (ಮುಳ್ಳಿನ ಅದುರಾಟವನ್ನು ವಿದ್ಯುತ್ ಸಿಗ್ನಲ್ ಮಾಡುವ ಪುಟ್ಟ ಭಾಗ). ನನ್ನ ಆಂಪ್ಲಿಫೈಯರ್‌ನಲ್ಲಿ ಫೋನೋ ಇನ್‌ಪುಟ್ ಇಲ್ಲ. ಆಕ್ಸ್‌ಗೆ (ಮಾಮೂಲಿ ಇನ್‌ಪುಟ್‌ಗೆ) ಹಾಕಿದರೆ ಹಾಡು ಪಕ್ಕದ ಮನೆಯಿಂದ ಕೇಳಿಸಿದ ಹಾಗಿದೆ, ಡ್ರಮ್ಮಿನ ಸದ್ದೇ ಇಲ್ಲ. ಕಾರ್ಟ್ರಿಡ್ಜ್‌ನ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡಿ ಸರಿಪಡಿಸುವ ಫೋನೋ ಪ್ರೀಆಂಪ್ ಬೇಕು ಅಂತಾರೆ. ತೀರಾ ಅಗ್ಗದ್ದಕ್ಕೂ ಅದರ ಐದಾರು ಪಟ್ಟು ಬೆಲೆಯದ್ದಕ್ಕೂ ನಿಜವಾಗಿ ವ್ಯತ್ಯಾಸ ಇದೆಯಾ? ಏನು ನೋಡಿ ಆರಿಸಬೇಕು?

ಉತ್ತರ: ಮೊದಲು ಟರ್ನ್‌ಟೇಬಲ್ಲಿನ ಹಿಂಭಾಗ ನೋಡಿ. ಅಲ್ಲಿ ‘ಫೋನೋ’, ‘ಲೈನ್’ ಅಂತ ಬರೆದ ಪುಟ್ಟ ಸ್ವಿಚ್ ಇದ್ದರೆ ಪ್ರೀಆಂಪ್ ಒಳಗೇ ಇದೆ. ಸ್ವಿಚ್ಚನ್ನು ‘ಲೈನ್’ಗೆ ತಳ್ಳಿ ಕೆಲವು ವಾರ ಕೇಳಿ. ಅದೇ ಸಾಕು ಅನ್ನಿಸಬಹುದು. ಮುಂದೆ ಬೇರೆ ಪ್ರೀಆಂಪ್ ತಂದಾಗ ಮಾತ್ರ ಅದನ್ನು ‘ಫೋನೋ’ಗೆ ವಾಪಸ್ ತಳ್ಳಲು ಮರೆಯಬೇಡಿ. ಎರಡು ಪ್ರೀಆಂಪ್ ಒಂದರ ಹಿಂದೆ ಒಂದು ಕೂತರೆ ಸದ್ದು ಒಡೆದು ಕರ್ಕಶವಾಗುತ್ತದೆ.

ಡ್ರಮ್ ಕೇಳದಿರುವುದಕ್ಕೆ ಕಾರಣ ಪ್ಲೇಟಿನಲ್ಲೇ ಇದೆ. ಕೆಳಸ್ವರಗಳನ್ನು ಇದ್ದಷ್ಟೇ ಜೋರಾಗಿ ಕೊರೆದರೆ ಗೀರು ತುಂಬಾ ಅಗಲವಾಗುತ್ತದೆ, ಒಂದು ಬದಿಯಲ್ಲಿ ಹೆಚ್ಚು ಹಾಡು ಹಿಡಿಸುವುದಿಲ್ಲ. ಹಾಗಾಗಿ ಕೊರೆಯುವಾಗ ಕೆಳಸ್ವರಗಳನ್ನು ತಗ್ಗಿಸುತ್ತಾರೆ. ಮೇಲಿನ ಸ್ವರಗಳನ್ನು ಏರಿಸುತ್ತಾರೆ, ಪ್ಲೇಟಿನ ಸರಸರ ಸದ್ದಿನಲ್ಲಿ ಅವು ಮುಳುಗಬಾರದು ಅಂತ. 1954ರಿಂದ ಇದಕ್ಕೆ ಒಂದು ಪಕ್ಕಾ ಲೆಕ್ಕ ಇದೆ. ಅದೇ ಆರ್‌ಐಎಎ, ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘದ ಹೆಸರಿನದು. ಪ್ರೀಆಂಪ್ ಇದನ್ನು ತಿರುಗಾ ಮುರುಗಾ ಮಾಡುತ್ತದೆ. 20 ಹರ್ಟ್ಜ್ ಹತ್ತಿರ ಸುಮಾರು 20 ಡೆಸಿಬೆಲ್ ಏರಿಸುತ್ತದೆ, 20,000 ಹರ್ಟ್ಜ್ ಹತ್ತಿರ ಅಷ್ಟನ್ನೇ ಇಳಿಸುತ್ತದೆ. ಈ ಏರಿಳಿತ ಎರಡೂ ಚಾನೆಲ್‌ನಲ್ಲಿ ಕರಾರುವಾಕ್ಕಾಗಿ ನಡೆದರೆ ಅರ್ಧ ಕೆಲಸ ಮುಗಿದ ಹಾಗೆ. ಇಂದಿನ ಸಾಮಾನ್ಯ ಬಿಡಿಭಾಗಗಳಲ್ಲೇ ಇದನ್ನು ಚೆನ್ನಾಗಿ ಮಾಡಬಹುದು. ಅದಕ್ಕೇ ಅಗ್ಗದ ಪ್ರೀಆಂಪ್ ಅಂದ ತಕ್ಷಣ ಮೂಗು ಮುರಿಯಬೇಡಿ ಅನ್ನುವುದು.

ಇನ್ನು ಗೇನ್, ಅಂದರೆ ಸಿಗ್ನಲ್ಲನ್ನು ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅನ್ನುವುದು. ನಿಮ್ಮದು ಎಂ.ಎಂ. (ಮೂವಿಂಗ್ ಮ್ಯಾಗ್ನೆಟ್, ಮುಳ್ಳಿನ ಜೊತೆ ಅಯಸ್ಕಾಂತ ಅದುರುವ) ಜಾತಿಯ ಕಾರ್ಟ್ರಿಡ್ಜ್, ಕೊಡುವುದು ಸುಮಾರು 4 ಮಿಲಿವೋಲ್ಟ್. 40 ಡೆಸಿಬೆಲ್ ಗೇನ್ ಅಂದರೆ ನೂರು ಪಟ್ಟು. ಅಲ್ಲಿಗೆ 400 ಮಿಲಿವೋಲ್ಟ್ ಆಯಿತು, ಆಕ್ಸ್‌ಗೆ ಸಾಕು. ಸಿಡಿ ಪ್ಲೇಯರ್ ಗರಿಷ್ಠ 2 ವೋಲ್ಟ್‌ವರೆಗೆ ಕೊಡುತ್ತದೆ. ಅದರ ಪಕ್ಕ ಪ್ಲೇಟು ಸ್ವಲ್ಪ ಮೆತ್ತಗೆ ಕೇಳಿಸುತ್ತದೆ, ವಾಲ್ಯೂಮ್ ತುಸು ಜಾಸ್ತಿ ತಿರುಗಿಸಿ. ಅದು ದೋಷವಲ್ಲ. ಎಂ.ಸಿ. (ಮೂವಿಂಗ್ ಕಾಯಿಲ್, ಅಯಸ್ಕಾಂತದ ಬದಲು ಸುರುಳಿ ಅದುರುವ) ಕಾರ್ಟ್ರಿಡ್ಜ್‌ಗಳು ಅರ್ಧ ಮಿಲಿವೋಲ್ಟ್‌ಗಿಂತ ಕಡಿಮೆ ಕೊಡುವುದೇ ಹೆಚ್ಚು, ಅವಕ್ಕೆ 60 ಡೆಸಿಬೆಲ್ ಬೇಕು. ನಿಮಗೆ ಅದು ಬೇಕಿಲ್ಲ. ಎಂ.ಸಿ. ಸೌಲಭ್ಯಕ್ಕಾಗಿ ಹೆಚ್ಚು ದುಡ್ಡು ಸುಮ್ನೆ ಕೊಡಬೇಡಿ.

ಜನ ಕೇಳದೇ ಬಿಡುವ ಸಂಗತಿ ಕೆಪಾಸಿಟೆನ್ಸ್, ಅಂದರೆ ತಂತಿ, ಸರ್ಕ್ಯೂಟುಗಳು ವಿದ್ಯುತ್ ಚಾರ್ಜ್ ಹಿಡಿದಿಡುವ ಗುಣ. ಇದರ ಅಳತೆ ಪಿಕೋಫ್ಯಾರಡ್. ನಾನು ಅಗ್ಗದ ಪ್ರೀಆಂಪ್ ನೋಡುವಾಗ ಮೊದಲು ಹುಡುಕುವುದು ಇದನ್ನೇ. ನಿಮ್ಮ ಕಾರ್ಟ್ರಿಡ್ಜ್‌ಗೆ ಕಂಪನಿ ಹೇಳುವುದು 47 ಕಿಲೋಓಮ್ ಪ್ರತಿರೋಧ, 100ರಿಂದ 200 ಪಿಕೋಫ್ಯಾರಡ್ ಕೆಪಾಸಿಟೆನ್ಸ್. ಮೊದಲನೆಯದು ಎಲ್ಲ ಎಂ.ಎಂ. ಪ್ರೀಆಂಪ್‌ಗಳಲ್ಲೂ ಇದ್ದೇ ಇರುತ್ತದೆ. ಎರಡನೆಯದು ಪ್ರೀಆಂಪ್ ಒಂದರದ್ದೇ ಅಲ್ಲ. ಟೋನ್‌ಆರ್ಮ್ (ಕಾರ್ಟ್ರಿಡ್ಜ್ ಹೊತ್ತ ತೋಳು) ಒಳಗಿನ ತಂತಿ, ಹೊರಗಿನ ಕೇಬಲ್, ಪ್ರೀಆಂಪ್, ಮೂರೂ ಸೇರಿದ ಮೊತ್ತ. ತಂತಿ-ಕೇಬಲ್ ಎರಡೇ ಸೇರಿ ನೂರು ದಾಟುವುದು ಮಾಮೂಲು. ಅದರ ಮೇಲೆ ಪ್ರೀಆಂಪ್ ಇನ್ನೂರೋ ಮುನ್ನೂರೋ ಸೇರಿಸಿದರೆ?

ಲೆಕ್ಕ ಹಾಕಿ ನೋಡೋಣ. ಈ ಕಾರ್ಟ್ರಿಡ್ಜ್‌ನ ಸುರುಳಿಯ ಇಂಡಕ್ಟೆನ್ಸ್ (ವಿದ್ಯುತ್ ಪ್ರವಾಹದ ಬದಲಾವಣೆಯನ್ನು ತಡೆಯುವ ಗುಣ) 550 ಮಿಲಿಹೆನ್ರಿ. ಇದೂ ಕೆಪಾಸಿಟೆನ್ಸೂ ಸೇರಿದಾಗ ಒಂದು ಸ್ವರದ ಹತ್ತಿರ ಸದ್ದು ಉಬ್ಬುತ್ತದೆ, ಅದೇ ಅನುರಣನೆ. ಒಟ್ಟು 150 ಪಿಕೋಫ್ಯಾರಡ್ ಆದರೆ ಅನುರಣನೆ 17,500 ಹರ್ಟ್ಜ್ ಸುಮಾರಿಗೆ ಬರುತ್ತದೆ, ಅಲ್ಲಿ ಕಿವಿಗೆ ಅಷ್ಟು ತಾಗುವುದಿಲ್ಲ. 400 ಆದರೆ 10,700ಕ್ಕೆ ಇಳಿಯುತ್ತದೆ. ಆಗ ಹಾಡುವವರ ‘ಸ’ಕಾರ ಚುಚ್ಚುತ್ತದೆ, ಅದರಿಂದಾಚೆಯ ಸೂಕ್ಷ್ಮ ಸ್ವರಗಳು ಬೇಗ ಮಾಯವಾಗುತ್ತವೆ. ಅನೇಕರು ಇದನ್ನು ಕೇಳಿ ಪ್ರೀಆಂಪ್ ಅಗ್ಗದ್ದು, ಅದಕ್ಕೇ ಹೀಗೆ ಅಂತ ಬೈಯುತ್ತಾರೆ. ಇಲ್ಲಿ ತಪ್ಪು ಬೆಲೆಯದ್ದಲ್ಲ, ಜೋಡಿಯದ್ದು. ಆದ್ದರಿಂದ ಇನ್‌ಪುಟ್ ಕೆಪಾಸಿಟೆನ್ಸ್ ಎಷ್ಟು ಅಂತ ಬರೆದಿರುವ ಪ್ರೀಆಂಪ್ ಆರಿಸಿ, ನೂರರ ಆಸುಪಾಸು ಇರಲಿ. ಕಡಿಮೆ ಬೆಲೆಯದ್ದರಲ್ಲಿ ಆರ್ಟ್ ಕಂಪನಿಯ ಡಿಜೆ ಪ್ರೀ 2 ನನಗೆ ಇಷ್ಟವಾಗುವುದು ಇದಕ್ಕೇ. ಅದರಲ್ಲಿ 100, 200 ಅಂತ ಬದಲಿಸುವ ಸ್ವಿಚ್ ಇದೆ, ಗೇನ್ ತಿರುಪು ಇದೆ, ಗುಡುಗುಡು ತಡೆಯುವ ಲೋ-ಕಟ್ ಫಿಲ್ಟರ್ ಇದೆ.

ಐದಾರು ಪಟ್ಟು ಕೊಟ್ಟರೆ ಏನು ಸಿಗುತ್ತದೆ? ಹಾಡಿನ ನಡುವಿನ ಮೌನದಲ್ಲಿ ಹಿಸ್ ಕಡಿಮೆ, ಜೋರಾದ ಭಾಗದಲ್ಲಿ ಸದ್ದು ಒಡೆಯದಿರುವ ತಾಕತ್ತು ಹೆಚ್ಚು, ಒಳ್ಳೆಯ ಪವರ್ ಸಪ್ಲೈ, ಗಟ್ಟಿ ಪೆಟ್ಟಿಗೆ. ವ್ಯತ್ಯಾಸ ಇದೆ. ಆದರೆ ಅಷ್ಟು ದುಡ್ಡು ನಿಮ್ಮ ಕೈಯಲ್ಲಿದ್ದರೆ ನಾನು ಮುಳ್ಳಿಗೆ ಹಾಕಿ ಅನ್ನುತ್ತೇನೆ. ವಿಎಂ95 ಸರಣಿಯ ಯಾವ ಮುಳ್ಳಾದರೂ ನಿಮ್ಮ ಕಾರ್ಟ್ರಿಡ್ಜ್‌ಗೆ ಕೂರುತ್ತದೆ. ಇರುವುದನ್ನು ಎಳೆದು ತೆಗೆದು ಮೈಕ್ರೋಲೈನ್ (ತುದಿ ಇನ್ನೂ ಸೂಕ್ಷ್ಮವಾಗಿರುವ) ಮುಳ್ಳು ಸಿಕ್ಕಿಸಿದರೆ ಪ್ಲೇಟಿನ ಕೊನೆಯ ಹಾಡು, ಅಂದರೆ ಮಧ್ಯದ ಲೇಬಲ್ಲಿಗೆ ಹತ್ತಿರದ ಹಾಡು, ಎಷ್ಟು ಸ್ವಚ್ಛವಾಗುತ್ತದೆ ಅಂತ ನೀವೇ ಕೇಳಿ. ಯಾವ ಪ್ರೀಆಂಪ್ ಕೂಡ ಆ ಕೆಲಸ ಮಾಡಲಾರದು.

ಪ್ರಶ್ನೆ: ಪ್ರೀಆಂಪ್ ಹಾಕಿದ ಮೇಲೆ ‘ಗುಂಯ್’ ಅನ್ನುವ ಸದ್ದು ನಿಲ್ಲುತ್ತಿಲ್ಲ. ಪ್ರೀಆಂಪ್ ಕೆಟ್ಟಿದೆಯಾ?

ಉತ್ತರ: ಬಹುಶಃ ಇಲ್ಲ. ಟರ್ನ್‌ಟೇಬಲ್ಲಿನಿಂದ ಬರುವ ತೆಳ್ಳನೆಯ ಗ್ರೌಂಡ್ ತಂತಿ ಪ್ರೀಆಂಪ್‌ನ ತಿರುಪಿಗೆ ಬಿಗಿಯಾಗಿದೆಯಾ ನೋಡಿ. ಹೊರಗೆ ಅಂತಹ ತಂತಿಯೇ ಇಲ್ಲದ ಟರ್ನ್‌ಟೇಬಲ್ಲುಗಳೂ ಇವೆ, ಅದಕ್ಕೆ ಗಾಬರಿ ಬೇಡ. ಆಮೇಲೆ ಒಂದು ಪರೀಕ್ಷೆ ಮಾಡಿ. ಪ್ಲೇಟು ತಿರುಗಿಸದೆ, ವಾಲ್ಯೂಮ್ ಏರಿಸಿ, ಟೋನ್‌ಆರ್ಮನ್ನು ಕೈಯಲ್ಲಿ ಎತ್ತಿ ಹಿಡಿದು ಅಂಚಿನಿಂದ ಮಧ್ಯಕ್ಕೆ ನಿಧಾನವಾಗಿ ತನ್ನಿ. ಗುಂಯ್ ಹೆಚ್ಚುತ್ತಾ ಕಡಿಮೆಯಾಗುತ್ತಾ ಹೋದರೆ ಹತ್ತಿರದ ಯಾವುದೋ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರವನ್ನು ಕಾರ್ಟ್ರಿಡ್ಜ್ ಹಿಡಿಯುತ್ತಿದೆ ಎಂದರ್ಥ. ನನ್ನ ಮನೆಯಲ್ಲಿ ಅದು ಟರ್ನ್‌ಟೇಬಲ್ಲಿಗೆ ಅಂಟಿಕೊಂಡಂತೆ ಕೂತಿದ್ದ ಆಂಪ್ಲಿಫೈಯರ್. ಒಂದು ಮೊಳ ಆಚೆ ಸರಿಸಿದೆ, ಸದ್ದು ಹೋಯಿತು. ಆರ್ಮ್ ಆಡಿಸಿದರೂ ಸದ್ದು ಒಂದೇ ಸಮ ಇದ್ದರೆ ಕಾರ್ಟ್ರಿಡ್ಜ್ ಹಿಂದಿನ ನಾಲ್ಕು ಪುಟ್ಟ ತಂತಿಗಳನ್ನು ನೋಡಿ. ಬಿಳಿ, ನೀಲಿ ಎಡ ಚಾನೆಲ್‌ಗೆ. ಕೆಂಪು, ಹಸಿರು ಬಲ ಚಾನೆಲ್‌ಗೆ. ನೀಲಿ ಅಥವಾ ಹಸಿರು ಸಡಿಲವಾಗಿದ್ದರೂ ಹೀಗೇ ಗುಂಯ್‌ಗುಡುತ್ತದೆ. ವಾಲ್ಯೂಮ್ ಪೂರ್ತಿ ಇಳಿಸಿ, ಮೊಂಡು ತುದಿಯ ಚಿಮಟದಲ್ಲಿ ಹಿಡಿದು ಮೆಲ್ಲಗೆ ಒಳಕ್ಕೆ ಒತ್ತಿ.