ಜನರಲ್ ಬೋಗಿ ಯಾವ ಕಡೆ ಬರುತ್ತೆ?

ಕಲಬುರಗಿಯಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ, ಸಿಟ್ಟು ಮಾತ್ರ ಕೆಂಡದಂತಿದೆ. ಬೆಂಗಳೂರಿನ ಮಗಳ ಮನೆಗೆ ಹೋಗಲು ಎರಡು ತಿಂಗಳ ಮೊದಲೇ ಸ್ಲೀಪರ್ ಟಿಕೆಟ್ ಮಾಡಿಸಿದ್ದರಂತೆ. ರಾತ್ರಿ ರೈಲು ಹತ್ತಿ ನೋಡಿದರೆ ಅವರ ಲೋವರ್ ಬರ್ತಿನ ಮೇಲೆ ನಾಲ್ಕು ಜನ. ಟಾಯ್ಲೆಟ್ಟಿಗೆ ಹೋಗೋಕೂ ದಾರಿಯಿಲ್ಲ. ಇಂಥವರನ್ನು ಕತ್ತು ಹಿಡಿದು ಇಳಿಸಬೇಕು, ಸ್ಲೀಪರ್ ತೆಗೆದು ಎಲ್ಲ ರೈಲನ್ನೂ ಎಸಿ ಮಾಡಬೇಕು, ಆಗಲೇ ಶಿಸ್ತು ಬರೋದು ಎನ್ನುವುದು ಅವರ ವಾದ. ಕೊನೆಗೆ ರೈಲಿನ ಚಹಾದ ಮೇಲೂ ಒಂದು ಪ್ಯಾರಾ ಇದೆ.

ಮೇಷ್ಟ್ರೇ, ದುಡ್ಡು ಕೊಟ್ಟು ಮಾಡಿಸಿದ ಬರ್ತು ನಿಮ್ಮದೇ, ಎರಡು ಮಾತಿಲ್ಲ. ಈ ವಯಸ್ಸಿನಲ್ಲಿ ರಾತ್ರಿಯಿಡೀ ಕೂತು ಬಂದಿರಿ ಅಂತ ಓದಿ ಬೇಜಾರಾಯಿತು. ಇಷ್ಟು ಹೇಳಿ ನಿಮ್ಮ ಪಕ್ಷ ಬಿಡುತ್ತೇನೆ, ಕ್ಷಮಿಸಿ.

ಆ ನಾಲ್ಕು ಜನ ಯಾರು ಅಂತ ನೀವು ಬರೆದಿಲ್ಲ. ನಲವತ್ತು ವರ್ಷ ಮಕ್ಕಳ ಹೆಸರು ಕರೆದು ಹಾಜರಿ ಹಾಕಿದವರು ನೀವು, ಒಂದು ಮಾತು ಕೇಳಬಹುದಿತ್ತು ಅಲ್ವಾ? ಕೌಂಟರಿನಲ್ಲಿ ವೇಟಿಂಗ್ ಲಿಸ್ಟ್ ಟಿಕೆಟ್ ತೆಗೆದವರು ಇದ್ದಿರಬಹುದು. ಮೊಬೈಲಿನಲ್ಲಿ ತೆಗೆದ ವೇಟಿಂಗ್ ಟಿಕೆಟ್ ಚಾರ್ಟ್ ಆದ ಕೂಡಲೇ ತಾನಾಗಿ ರದ್ದಾಗುತ್ತದೆ. ಕೌಂಟರ್ ಟಿಕೆಟ್ ಹಾಗಲ್ಲ, ಕೈಯಲ್ಲೇ ಉಳಿಯುತ್ತದೆ. ಅಂಥವರು ಜನರಲ್ ಬೋಗಿಗೆ ಹೋಗಬೇಕು ಅನ್ನುತ್ತದೆ ನಿಯಮ. ಸರಿ, ಹೋಗಲಿ. ಅಲ್ಲಿ ಕಾಲಿಡೋಕೆ ಜಾಗ ಬೇಕಲ್ಲ?

ಕೆಲವು ವರ್ಷದ ಹಿಂದೆ ಯಾದಗಿರಿಯಲ್ಲಿ ನಾನೂ ರಾತ್ರಿ ರೈಲಿಗೆ ಕಾದಿದ್ದೆ. ಟಿಕೆಟ್ ಖಾತ್ರಿಯಾಗಿರಲಿಲ್ಲ. ಪ್ಲಾಟ್‌ಫಾರಂ ತುಂಬ ಗುಳೆ ಹೊರಟ ಜನ. ಸಿಮೆಂಟ್ ಚೀಲದಲ್ಲಿ ಪಾತ್ರೆ, ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ, ಕಂಕುಳಲ್ಲಿ ಕೂಸು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಜನರಲ್ ಬೋಗಿ ಯಾವ ಕಡೆ ಬರುತ್ತೆ? ಒಬ್ಬ ಮುಂದೆ ಅಂದ, ಇನ್ನೊಬ್ಬ ಹಿಂದೆ ಅಂದ. ರೈಲು ಬಂತು, ಹಿಂದೆ ನಿಂತವರೆಲ್ಲ ಗಂಟು ಹೊತ್ತು ಮುಂದಕ್ಕೆ ಓಡಿದರು. ನಾನೂ ಓಡಿದೆ. ಒಳಗೆ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಎರಡು ಲಗೇಜ್ ಹಲಗೆಗಳ ನಡುವೆ ಹಸಿರು ಸೀರೆಯೊಂದನ್ನು ಜೋಲಿ ಕಟ್ಟಿದ್ದರು. ರೈಲು ಓಲಾಡಿದಾಗಲೆಲ್ಲ ಅದು ನನ್ನ ತಲೆಗೆ ತಾಗುತ್ತಿತ್ತು. ಕೈಯಿಂದ ಸರಿಸಲು ಹೋದೆ. ಕೆಳಗೆ ಕೂತಿದ್ದ ಹೆಂಗಸು, "ಅಣ್ಣಾ, ಹಗೂರಕ್ ರೀ, ಕೂಸು ಮಲಗ್ಯದ" ಅಂದಳು. ಗುಂತಕಲ್ ಬರುವವರೆಗೆ ತಲೆ ಬಗ್ಗಿಸಿಯೇ ನಿಂತೆ.

ನಿಮಗೆ ಲೆಕ್ಕ ಇಷ್ಟ ಅಂತ ಪತ್ರ ನೋಡಿದರೇ ಗೊತ್ತಾಗುತ್ತದೆ, ಆದ್ದರಿಂದ ಸ್ವಲ್ಪ ಬೋಗಿ ಲೆಕ್ಕ. ಪೆರಂಬೂರಿನ ಐಸಿಎಫ್ ಕಾರ್ಖಾನೆಯ ಹಳೇ ನೀಲಿ ಬೋಗಿಗಳ ಜಾಗಕ್ಕೆ ಈಗ ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಬೋಗಿ ಬಂದಿದೆ. ಒಳ್ಳೇದೇ. ಅಪಘಾತವಾದರೆ ಒಂದರ ಮೇಲೊಂದು ಹತ್ತದ ಹಾಗೆ ಮಾಡಿದ್ದಾರೆ. ಆದರೆ ಹೊಸ ಬೋಗಿ ಒಂದೂವರೆ ಮೀಟರಿನಷ್ಟು ಜಾಸ್ತಿ ಉದ್ದ. ಪ್ಲಾಟ್‌ಫಾರಂ ಉದ್ದವಾಗಲಿಲ್ಲ. ಹಾಗಾಗಿ 24 ಬೋಗಿ ಎಳೆಯುತ್ತಿದ್ದ ರೈಲು 22ಕ್ಕೆ ಇಳಿಯಿತು. ಅದರಲ್ಲೂ ಎರಡು ತುದಿಗೆ ಜನರೇಟರ್ ಬೋಗಿ ಕೂತವು. ಸ್ಲೀಪರಿನಲ್ಲಿ 72 ಇದ್ದ ಬರ್ತು 80 ಆಯಿತು, ನಿಜ. ಆದರೆ ಆ ಸ್ಲೀಪರನ್ನೇ ಕಳಚಿ ಥರ್ಡ್ ಎಸಿ ಸಿಕ್ಕಿಸಿದರೆ ಮತ್ತೆ 72. ದರ ಮಾತ್ರ ಹೆಚ್ಚುಕಡಿಮೆ ಎರಡೂವರೆ ಪಟ್ಟು. ಆ ದರ ಕೊಡಲಾಗದವನು ಎಲ್ಲಿ ಹೋದ? ನಿಮ್ಮ ಬರ್ತಿನ ತುದಿಗೆ ಬಂದು ಕೂತ. ಎಲ್ಲ ರೈಲನ್ನೂ ಎಸಿ ಮಾಡಿದರೆ ಅವನು ಎಸಿ ಬಾಗಿಲಲ್ಲಿ ಕೂರುತ್ತಾನೆ, ಅಷ್ಟೇ.

ಇದ್ದ ಬೋಗಿಗೇ ಬರ್ತು ತುರುಕುವ ಆಟವೂ ಒಮ್ಮೆ ನಡೆದಿದೆ. ಲಾಲು ಪ್ರಸಾದ್ ರೈಲ್ವೆ ಮಂತ್ರಿಯಾಗಿದ್ದ ಕಾಲದಲ್ಲಿ ಸೈಡಿನ ಎರಡು ಬರ್ತಿನ ನಡುವೆ ಮೂರನೆಯದು ಬಂತು. ಮಲಗಿದವರಿಗೆ ಮಗ್ಗುಲು ಬದಲಿಸಲೂ ಆಗದೆ ಕೊನೆಗೆ ಅದನ್ನು ಕಿತ್ತರು.

ಈ ನೂಕುನುಗ್ಗಲು ಈಗಿನ ಜನರ ಅಶಿಸ್ತು ಅಂದಿರಲ್ಲ, 1917ಕ್ಕೆ ಹೋಗೋಣ ಬನ್ನಿ. ಗಾಂಧೀಜಿ ಮುಂಬೈಯಿಂದ ಮದ್ರಾಸಿಗೆ ಮೂರನೇ ದರ್ಜೆಯಲ್ಲಿ ಹೊರಟಿದ್ದರು. ಟಿಕೆಟ್ 13 ರೂಪಾಯಿ 9 ಆಣೆ. ಬೋಗಿಯ ಮೇಲೆ 22 ಜನ ಅಂತ ಬರೆದಿತ್ತು, ಒಂದು ರಾತ್ರಿಯಂತೂ ಹೆಚ್ಚು ಹೊತ್ತು ಇದ್ದವರು 35. ನಮ್ಮ ರಾಯಚೂರು ಬಂದ ಮೇಲಂತೂ ಒತ್ತಡ ತಡೆಯಲಾಗಲಿಲ್ಲ ಅಂತ ಅವರೇ ಬರೆದಿದ್ದಾರೆ. ಗಾರ್ಡು, ಸಿಬ್ಬಂದಿ ಬಂದದ್ದು ಇನ್ನಷ್ಟು ಜನರನ್ನು ಒಳಗೆ ತಳ್ಳೋಕೆ! ಅದೇ ರಾಯಚೂರು, ಅದೇ ಲೈನು.

1977ರಲ್ಲಿ ರೈಲ್ವೆ ಮಂತ್ರಿಯಾದ ಮಧು ದಂಡವತೆ ಸೆಕೆಂಡ್ ಕ್ಲಾಸಿನ ಮರದ ಹಲಗೆಗೆ ಎರಡು ಇಂಚು ಫೋಮ್ ಹಾಕಿಸಿದರು. ಬರೀ ಎರಡು ಇಂಚು. ಆದರೂ ಅವರ ಹೆಸರು ಹೇಳಿದರೆ ಇವತ್ತಿಗೂ ಹಳಬರು ಮೊದಲು ನೆನೆಯುವುದು ಅದನ್ನೇ. ಈಗ ಪೇಪರಿನಲ್ಲಿ ಬರುವ ಫೋಟೋ ಮಾತ್ರ ವಂದೇ ಭಾರತ್ ರೈಲಿನದು. ಅದರ 16 ಬೋಗಿಯ ರೈಲಿನಲ್ಲಿ 1,128 ಸೀಟು, ಎಲ್ಲ ಎಸಿ. 2023ರ ಡಿಸೆಂಬರ್ 30ರಂದು ಮಾಲ್ದಾ ಟೌನ್‌ನಿಂದ ಬೆಂಗಳೂರಿಗೆ ಅಮೃತ್ ಭಾರತ್ ಹೊರಟಿತು. 12 ಸ್ಲೀಪರ್, 8 ಜನರಲ್, ಎಸಿ ಒಂದೂ ಇಲ್ಲ. ಒಟ್ಟು ಜಾಗ 1,750ರ ಹತ್ತಿರ ಬರುತ್ತದೆ. ಎರಡಕ್ಕೂ ಬಾವುಟ ತೋರಿಸಿದರು. ಆದರೆ ನಮ್ಮೂರಿಗೆ ಬೇಕು ಅಂತ ಎಂಪಿಗಳು ಅರ್ಜಿ ಹಿಡಿದು ಓಡಾಡುವುದು ಯಾವುದಕ್ಕೆ, ನೀವೇ ಹೇಳಿ.

ರೈಲೊಂದೇ ಅಲ್ಲ ಬಿಡಿ. ಊರಿಗೆ ಬಸ್ ಸ್ಟ್ಯಾಂಡ್ ಕಟ್ಟುತ್ತಾರೆ, ಅಂಗಡಿ ಮಳಿಗೆಗೆ ಜಾಗ ಬಿಟ್ಟು ಉಳಿದದ್ದರಲ್ಲಿ ಜನ ನಿಲ್ಲಬೇಕು. ಆಸ್ಪತ್ರೆಯಲ್ಲಿ ಸ್ಪೆಷಲ್ ವಾರ್ಡಿಗೆ ಟೈಲ್ಸ್, ಜನರಲ್ ವಾರ್ಡಿನವರಿಗೆ ವರಾಂಡದಲ್ಲಿ ಚಾಪೆ. 'ಜನರಲ್' ಅನ್ನೋ ಪದಕ್ಕೇ ನಮ್ಮಲ್ಲಿ 'ಆಮೇಲೆ ನೋಡೋಣ' ಅನ್ನೋ ಅರ್ಥ ಬಂದುಬಿಟ್ಟಿದೆ.

ನನ್ನ ಮೇಲೆ ಸಿಟ್ಟು ಬಂದಿದ್ದರೆ ಇನ್ನೊಂದು ಪತ್ರ ಬರೆಯಿರಿ, ಅದನ್ನೂ ಹಾಕುತ್ತೇನೆ. ಇನ್ನು ಆ ಚಹಾದ ವಿಷಯ. ಅದನ್ನು ನೀವು 'ಬಿಸಿ ಮಾಡಿದ ಸಕ್ಕರೆ ನೀರು' ಅಂದಿದ್ದೀರಿ. ಅಲ್ಲಿ ನಾನು ಪೂರ್ತಿ ನಿಮ್ಮ ಕಡೆ.